ಇಂಗ್ಲಿಷಿನಲ್ಲಿ ವಚನ: ಸರ್ವನಾಮದ ವಿವೇಕ

ಸರ್ವನಾಮವೆಂಬುದು ವ್ಯಾಕರಣದಲ್ಲಿ ಚಿಕ್ಕ ಅಧ್ಯಾಯ. ನಾಮಪದಕ್ಕೆ ಬದಲಾಗಿ ಬರುವ ಪದವೇ ಸರ್ವನಾಮವೆಂದು ಮಾಧ್ಯಮಿಕ ಶಾಲೆಯಲ್ಲಿ ಬಾಯಿಪಾಠ ಮಾಡಿ, ಮುಂದಿನ ಪಾಠಕ್ಕೆ ಸಾಗಿದವರೇ ನಾವೆಲ್ಲರೂ. ಸರ್ವರಿಗೂ ಸಲ್ಲುವ ನಾಮವೆಂಬ ಅದರ ಅರ್ಥವನ್ನು ಅಂದು ಯಾರೂ ಯೋಚಿಸಲಿಲ್ಲ. ಅರಸನೂ ‘ನಾನು’ ಎನ್ನುತ್ತಾನೆ, ಅಗಸನೂ ‘ನಾನು’ ಎನ್ನುತ್ತಾನೆ. ಹೆಸರಿಗೆ ಕುಲವುಂಟು, ಊರುಂಟು, ಮನೆತನವುಂಟು. ‘ನಾನು’ ಎಂಬುದಕ್ಕೆ ಇವೊಂದೂ ಇಲ್ಲ. ಶರಣರ ಧರ್ಮವನ್ನು ಕುರಿತು ಇಂಗ್ಲಿಷಿನಲ್ಲಿ ಬರೆಯುವವರು ಈ ಚಿಕ್ಕ ಪದಗಳ ವಿಷಯದಲ್ಲಿ ಎಚ್ಚರ ತಪ್ಪಿದರೆ ಕೆಡುವುದು ವ್ಯಾಕರಣ ಮಾತ್ರವಲ್ಲ, ತತ್ತ್ವವೂ ಕೆಡುತ್ತದೆ. ಇದನ್ನು ಕೆಲವು ನಿದರ್ಶನಗಳಿಂದ ವಿಶದಪಡಿಸುವುದೇ ಪ್ರಕೃತ ಲೇಖನದ ಉದ್ದೇಶ.

ವಚನಗಳು ಇಂಗ್ಲಿಷಿಗೆ ಹೋಗಿರುವುದು ಇಂದು ನಿನ್ನೆಯ ಮಾತಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು 1965ರಿಂದ 1972ರ ಅವಧಿಯಲ್ಲಿ ಶೂನ್ಯಸಂಪಾದನೆಯನ್ನು ಐದು ಸಂಪುಟಗಳಲ್ಲಿ ಇಂಗ್ಲಿಷ್ ಅನುವಾದದೊಡನೆ ಹೊರತಂದಿತು. ಮೆನೆಜಿಸ್ ಮತ್ತು ಅಂಗಡಿಯವರು ಅನುವಾದಿಸಿದ ಬಸವಣ್ಣನವರ ವಚನಗಳನ್ನು ಸಿರಿಗೆರೆಯ ಅಣ್ಣನ ಬಳಗವು 1967ರಲ್ಲಿ ಪ್ರಕಟಿಸಿತು. 1973ರಲ್ಲಿ ಎ. ಕೆ. ರಾಮಾನುಜನ್ ಅವರ ‘ಸ್ಪೀಕಿಂಗ್ ಆಫ್ ಶಿವ’ ಪೆಂಗ್ವಿನ್ ಪ್ರಕಾಶನದಿಂದ ಹೊರಬಂದು, ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮಪ್ರಭು ಈ ನಾಲ್ವರನ್ನು ಜಗತ್ತಿನ ಓದುಗರಿಗೆ ಪರಿಚಯಿಸಿತು. 2010ರಲ್ಲಿ ಎಚ್. ಎಸ್. ಶಿವಪ್ರಕಾಶರ ಅನುವಾದಗಳ ಸಂಕಲನವೂ ಅದೇ ಪ್ರಕಾಶನದಿಂದ ಬಂದಿತು. ಇವಲ್ಲದೆ ಮಠಗಳ ಸ್ಮರಣಸಂಚಿಕೆಗಳಲ್ಲಿ, ಶಾಲಾ ಕಾಲೇಜುಗಳ ವಾರ್ಷಿಕ ಸಂಚಿಕೆಗಳಲ್ಲಿ ನಮ್ಮ ಹಳೆಯ ವಿದ್ಯಾರ್ಥಿಗಳು ಬರೆಯುವ ಇಂಗ್ಲಿಷ್ ಲೇಖನಗಳೂ ಹೇರಳವಾಗಿವೆ. ಹೊರದೇಶಗಳಲ್ಲಿ ನೆಲಸಿದ ಭಕ್ತರ ಮಕ್ಕಳಲ್ಲಿ ಅನೇಕರು ಬಸವಣ್ಣನವರನ್ನು ಮೊದಲು ಕಾಣುವುದು ಇಂಗ್ಲಿಷಿನಲ್ಲಿಯೇ. ಆದುದರಿಂದ ಆ ಇಂಗ್ಲಿಷು ಹೇಗಿದೆ ಎಂದು ವಿಚಾರಿಸುವುದು ನಮ್ಮ ಹೊಣೆಯಾಗಿದೆ.

ಮೊದಲು ಉತ್ತಮಪುರುಷವನ್ನು ನೋಡೋಣ. ಕನ್ನಡದ ಕ್ರಿಯಾಪದವು ಕರ್ತೃವನ್ನು ತನ್ನೊಳಗೆ ಹೊತ್ತಿರುತ್ತದೆ. ‘ಕಂಡೆ’ ಎಂದರೆ ಸಾಕು, ಕಂಡವನು ನಾನೆಂಬುದು ಆ ಒಂದು ಎಕಾರದಲ್ಲಿಯೇ ಅಡಗಿದೆ. ‘ಅರಿಯೆ’, ‘ಬಲ್ಲೆ’, ‘ಬೇಡಿದೆ’ ಇವೆಲ್ಲ ಹಾಗೆಯೇ. ಆದುದರಿಂದ ವಚನಕಾರನು ‘ನಾನು’ ಎಂಬ ಪದವನ್ನು ಬೇಕಾದಾಗ ಇಡಬಲ್ಲನು, ಬೇಡವಾದಾಗ ಬಿಡಬಲ್ಲನು. ಇಟ್ಟರೆ ಅದಕ್ಕೊಂದು ಕಾರಣವಿರುತ್ತದೆ. ತನ್ನ ಕಿಂಕರಭಾವವನ್ನು ಒತ್ತಿ ಹೇಳುವುದಕ್ಕೋ, ತನ್ನ ಅಹಂಕಾರವನ್ನು ತಾನೇ ಎತ್ತಿ ತೋರಿಸಿ ನಾಚುವುದಕ್ಕೋ ಇಟ್ಟಿರುತ್ತಾನೆ. ಇಂಗ್ಲಿಷಿನಲ್ಲಿ ಈ ಸ್ವಾತಂತ್ರ್ಯವಿಲ್ಲ. ಪ್ರತಿಯೊಂದು ವಾಕ್ಯದ ತಲೆಯಲ್ಲಿಯೂ ‘ಐ’ ಎಂಬ ಅಕ್ಷರ ನಿಲ್ಲಬೇಕು. ವಾಕ್ಯದ ನಡುವೆ ಬಂದರೂ ದೊಡ್ಡಕ್ಷರದಲ್ಲಿಯೇ ನಿಲ್ಲಬೇಕು. ‘ನೀನು’ ಎಂಬುದಕ್ಕೂ ‘ಅವನು’ ಎಂಬುದಕ್ಕೂ ಇಲ್ಲದ ಈ ಮರ್ಯಾದೆ ಆ ಭಾಷೆಯಲ್ಲಿ ‘ನಾನು’ ಎಂಬುದಕ್ಕೆ ಮಾತ್ರ ದೊರೆತಿದೆ. ‘ನಾನು’ ಅಳಿಯಬೇಕೆಂದು ಬಯಸಿದ ಶರಣನ ಮಾತು ಆ ಭಾಷೆಗೆ ಹೋದೊಡನೆ ಸಾಲು ಸಾಲಿಗೂ ‘ನಾನು’ ನೆಟ್ಟಗೆ ನಿಂತುಬಿಡುತ್ತದೆ.

ಇದು ಅನುವಾದಕರ ತಪ್ಪಲ್ಲ, ಭಾಷೆಯ ಸ್ವಭಾವ. ಆದರೆ ಜಾಣನಾದ ಅನುವಾದಕನು ಅದನ್ನು ಕಡಿಮೆ ಮಾಡಬಲ್ಲನು. ‘ಹೋದೆ, ಕಂಡೆ, ಮರಳಿದೆ’ ಎಂದು ಕನ್ನಡದಲ್ಲಿರುವಲ್ಲಿ ಇಂಗ್ಲಿಷಿನಲ್ಲಿ ಮೂರು ಸಲ ‘ಐ’ ಹಾಕಬೇಕಾಗಿಲ್ಲ. ಒಂದೇ ‘ಐ’ ಮೂರು ಕ್ರಿಯಾಪದಗಳನ್ನು ಹೊರಬಲ್ಲುದು. ಹಾಗೆ ಉಳಿಸಿಕೊಂಡ ಅನುವಾದಕನು, ಮೂಲದಲ್ಲಿ ‘ನಾನು’ ಎಂದು ಬಿಡಿಸಿ ಹೇಳಿದ ಕಡೆ ಆ ಪದಕ್ಕೆ ಅದರ ತೂಕವನ್ನು ಕೊಡಲು ಶಕ್ತನಾಗುತ್ತಾನೆ. ‘ಐ’ ಎಂಬುದನ್ನು ತಪ್ಪಿಸುವ ನೆಪದಲ್ಲಿ ವಾಕ್ಯವನ್ನೆಲ್ಲ ಕರ್ಮಣಿಪ್ರಯೋಗಕ್ಕೆ ತಿರುಗಿಸುವವರೂ ಉಂಟು. ಅದು ಸಲ್ಲದು. ‘ನಾನು ಬೇಡಿದೆ’ ಎಂಬುದಕ್ಕೂ ‘ನನ್ನಿಂದ ಬೇಡಲ್ಪಟ್ಟಿತು’ ಎಂಬುದಕ್ಕೂ ಇರುವ ವ್ಯತ್ಯಾಸ ಭಕ್ತನ ಮಾತಿಗೂ ಕಚೇರಿಯ ಪತ್ರಕ್ಕೂ ಇರುವ ವ್ಯತ್ಯಾಸ.

ಉತ್ತಮಪುರುಷದಲ್ಲಿ ಇಂಗ್ಲಿಷಿಗೆ ಒಂದು ಲಾಭವೂ ಇದೆ. ಕನ್ನಡದಲ್ಲಿ ‘ನಾನು’ ಎಂಬುದಕ್ಕೆ ಲಿಂಗವಿಲ್ಲವಾದರೂ ‘ಬಡವನು’, ‘ಸತಿ’, ‘ಮಗಳು’ ಎಂದು ಹಿಂದೆ ಬರುವ ಪದದಲ್ಲಿ ಲಿಂಗವು ತಲೆಯೆತ್ತುತ್ತದೆ. ಶರಣಸತಿ ಲಿಂಗಪತಿ ಎಂಬ ಭಾವದಲ್ಲಿ ನಿಂತ ವಚನಕಾರನು ಗಂಡಾಗಿದ್ದರೂ ಹೆಣ್ಣಿನ ದನಿಯಲ್ಲಿ ನುಡಿಯುತ್ತಾನೆ. ಇಂಗ್ಲಿಷಿನ ‘ಐ’ ಈ ಎರಡಕ್ಕೂ ಎಡೆಗೊಡುತ್ತದೆ. ಟೀಕೆ ಬರೆಯುವವನು ಮಾತ್ರ, ಇಂಥ ವಚನವನ್ನು ವಿವರಿಸುವಾಗ ಒಂದು ವಾಕ್ಯದಲ್ಲಿ ‘ಹೀ’ ಎಂದೂ ಮುಂದಿನ ವಾಕ್ಯದಲ್ಲಿ ‘ಷೀ’ ಎಂದೂ ಬರೆದು ಓದುಗನನ್ನು ದಾರಿ ತಪ್ಪಿಸಬಾರದು. ಬರೆದವನು ಬೇರೆ, ವಚನದೊಳಗೆ ನುಡಿಯುವ ಸತಿ ಬೇರೆ ಎಂದು ಮೊದಲೇ ತಿಳಿಸಿ, ಒಬ್ಬೊಬ್ಬರಿಗೂ ಅವರವರ ಸರ್ವನಾಮವನ್ನು ಕೊನೆಯವರೆಗೆ ನಡೆಸಿಕೊಂಡು ಹೋಗಬೇಕು.

ಇನ್ನು ಮಧ್ಯಮಪುರುಷ. ವಚನಕಾರರು ದೇವರನ್ನು ಒಮ್ಮೆ ‘ನೀನು’ ಎನ್ನುತ್ತಾರೆ, ಒಮ್ಮೆ ‘ನೀವು’, ‘ನಿಮ್ಮ’ ಎನ್ನುತ್ತಾರೆ. ಸಲಿಗೆಯೂ ಗೌರವವೂ ಒಂದೇ ಬಾಯಲ್ಲಿ ಬರುತ್ತವೆ. ರಾಮಾನುಜನ್ ಅವರ ಅನುವಾದದಲ್ಲಿ ಎರಡೂ ‘ಯು’ ಆಗಿವೆ. ಇಂದಿನ ಇಂಗ್ಲಿಷಿನಲ್ಲಿ ಬೇರೆ ಪದವಿಲ್ಲದಿರುವಾಗ ಅವರನ್ನು ದೂರುವಂತಿಲ್ಲ. ಹಿಂದಿನ ರೂಢಿಯ ಅನುವಾದಕರು ಸಾಮಾನ್ಯವಾಗಿ ದೇವರಿಗೆ ‘ದೌ’, ‘ದೀ’ ಎಂದು ಬಳಸುತ್ತಿದ್ದರು. 1611ರ ಇಂಗ್ಲಿಷ್ ಬೈಬಲಿನ ಪ್ರಭಾವದಿಂದ ಅದು ಪೂಜ್ಯಭಾವದ ಪದವೆಂದು ನಮ್ಮವರ ಮನಸ್ಸಿನಲ್ಲಿ ಬೇರೂರಿದೆ. ವಾಸ್ತವವಾಗಿ ‘ದೌ’ ಎಂಬುದು ಆ ಭಾಷೆಯ ಏಕವಚನ. ನಮ್ಮ ‘ನೀನು’ ಎಂಬುದಕ್ಕೆ ಸಮಾನವಾದ ಪದ. ದೊಡ್ಡವರಿಗೆ ‘ಯು’ ಎನ್ನುವುದು, ಸಮಾನರಿಗೂ ಕೆಳಗಿನವರಿಗೂ ‘ದೌ’ ಎನ್ನುವುದು ಅಲ್ಲಿನ ವಾಡಿಕೆಯಾಗಿದ್ದಿತು. ಕ್ರಮೇಣ ಎಲ್ಲರಿಗೂ ‘ಯು’ ಸಂದು, ‘ದೌ’ ಪ್ರಾರ್ಥನೆಯಲ್ಲಿ ಮಾತ್ರ ಉಳಿದುದರಿಂದ ಅದಕ್ಕೆ ಪೂಜ್ಯತೆಯ ಬಣ್ಣ ಬಂದಿತು. ಆದುದರಿಂದ ವಚನವನ್ನು ‘ದೌ’ ಎಂದು ಅನುವಾದಿಸಿದಾಗ ಇಂದಿನ ಓದುಗನಿಗೆ ಸಲಿಗೆ ಕೇಳಿಸುವುದಿಲ್ಲ, ಇಗರ್ಜಿಯ ಘಂಟೆ ಕೇಳಿಸುತ್ತದೆ.

ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆಯ ಭಕ್ತರಿಗೆ ಈ ಸಲಿಗೆಯ ಏಕವಚನವನ್ನು ವಿವರಿಸಬೇಕಾಗಿಲ್ಲ. ನಮ್ಮ ಹಳ್ಳಿಗಳಲ್ಲಿ ಹೆತ್ತ ತಾಯಿಯನ್ನೂ ಊರ ದೇವರನ್ನೂ ಏಕವಚನದಲ್ಲಿಯೇ ಕರೆಯುತ್ತಾರೆ. ಗೆಳೆಯನ ಮಾತಿಗೆ ‘ಕಣ್ಲಾ’ ಎಂದು ಸೇರಿಸಿದರೆ ಅದು ತಿರಸ್ಕಾರವಲ್ಲ, ಪ್ರೀತಿ. ಆದರೆ ಅದೇ ಏಕವಚನವನ್ನು ಜಾತಿಯ ಮದದಿಂದ ಹಿರಿಯನೊಬ್ಬನ ಮೇಲೆ ಎಸೆದರೆ ಅದು ಏಟು. ಗೌರವದ ಸಂಬೋಧನೆಗೂ ತಿರಸ್ಕಾರದ ಸಂಬೋಧನೆಗೂ ನಡುವೆ ಸ್ವರ್ಗನರಕಗಳ ಅಂತರವಿದೆಯೆಂದು ಬಸವಣ್ಣನವರು ಹೇಳಿದುದು ಇದನ್ನರಿತೇ.

ಇಲ್ಲಿ ಇಂಗ್ಲೆಂಡಿನ ಒಂದು ಸಂಗತಿಯನ್ನು ಸ್ಮರಿಸುವುದು ಉಚಿತ. ಹದಿನೇಳನೆಯ ಶತಮಾನದಲ್ಲಿ ಜಾರ್ಜ್ ಫಾಕ್ಸ್ ಎಂಬ ಸಂತನ ಅನುಯಾಯಿಗಳಾದ ಕ್ವೇಕರ್ ಪಂಥದವರು, ದೇವರ ಮುಂದೆ ಎಲ್ಲರೂ ಸಮಾನರೆಂದು ಸಾರಿ, ನ್ಯಾಯಾಧೀಶನಿಗೂ ಧನಿಕನಿಗೂ ‘ದೌ’ ಎಂದೇ ಮಾತನಾಡಿದರು. ಅದಕ್ಕಾಗಿ ಅವಮಾನಕ್ಕೂ ಶಿಕ್ಷೆಗೂ ಗುರಿಯಾದರು. ಒಂದು ಸರ್ವನಾಮಕ್ಕಾಗಿ ಕಷ್ಟಪಟ್ಟ ಜನ ಅವರು. ಅವರ ಗುರಿಯೂ ಶರಣರ ಗುರಿಯೂ ಒಂದೇ, ದಾರಿ ಮಾತ್ರ ಬೇರೆ. ಕ್ವೇಕರರು ದೊಡ್ಡವರಿಗೆ ಸಲ್ಲುತ್ತಿದ್ದ ಬಹುವಚನವನ್ನು ತೆಗೆದು ಎಲ್ಲರನ್ನೂ ಒಂದೇ ಏಕವಚನಕ್ಕೆ ತಂದರು. ಶರಣರು ಹಾಗೆ ಮಾಡದೆ, ಕೆಲವರಿಗೆ ಮಾತ್ರ ಸಲ್ಲುತ್ತಿದ್ದ ‘ಅಯ್ಯ’ ಎಂಬ ಗೌರವವನ್ನು ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಮೊದಲಾದವರೆಲ್ಲರಿಗೂ ಹಂಚಿದರು. ಇಂಗ್ಲಿಷಿನ ‘ಯು’ ಇವೆರಡರ ಭೇದವನ್ನೂ ನುಂಗಿಬಿಡುವುದರಿಂದ, ಅನುವಾದಕನು ಆ ‘ಅಯ್ಯ’ನನ್ನು ಬಿಡದೆ ಉಳಿಸಿಕೊಳ್ಳಬೇಕು. ವಚನದ ನಡುವೆ ಬರುವ ‘ಅಯ್ಯಾ’ ಎಂಬುದನ್ನು ಬರಿಯ ಪಾದಪೂರಣವೆಂದು ತಿಳಿದು ಕೈಬಿಟ್ಟರೆ, ಸರ್ವನಾಮವು ಕಳೆದುಕೊಂಡ ಗೌರವವನ್ನು ತುಂಬಿಕೊಡಬಲ್ಲ ಒಂದೇ ಪದವನ್ನು ಕೈಬಿಟ್ಟಂತಾಗುತ್ತದೆ.

ಪ್ರಥಮಪುರುಷದಲ್ಲಿ ತೊಡಕು ಹೆಚ್ಚು. ಬಸರಾಳಿನ ಮಲ್ಲಿಕಾರ್ಜುನ ದೇವಾಲಯವನ್ನೇ ತೆಗೆದುಕೊಳ್ಳೋಣ. ಹೊಯ್ಸಳ ದೊರೆ ಎರಡನೆಯ ನರಸಿಂಹನ ಕಾಲದಲ್ಲಿ, 1234ರಲ್ಲಿ, ಹರಿಹರ ದಂಡನಾಯಕನು ಕಟ್ಟಿಸಿದ ತ್ರಿಕೂಟ ದೇವಾಲಯವದು. ಅದನ್ನು ಕುರಿತು ಶಾಲೆಯ ಹುಡುಗನೊಬ್ಬನು ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುತ್ತಾನೆನ್ನಿ. ಮೊದಲ ವಾಕ್ಯ: ಬಸರಾಳಿನಲ್ಲಿ ಮಲ್ಲಿಕಾರ್ಜುನನ ಗುಡಿಯಿದೆ. ಎರಡನೆಯದು: ಹರಿಹರ ದಂಡನಾಯಕನು ಅದನ್ನು ಕಟ್ಟಿಸಿದನು. ಮೂರನೆಯದು: ಜನರು ಅವನನ್ನು ಪೂಜಿಸುತ್ತಾರೆ. ಈ ‘ಅವನನ್ನು’ ಎಂಬುದಕ್ಕೆ ‘ಹಿಮ್’ ಎಂದು ಬರೆದರೆ ಇಂಗ್ಲಿಷ್ ಓದುಗನು ದಂಡನಾಯಕನಿಗೇ ಪೂಜೆ ಸಲ್ಲಿಸಿಬಿಡುತ್ತಾನೆ. ಸರ್ವನಾಮವು ಹತ್ತಿರದಲ್ಲಿರುವ ತಕ್ಕ ನಾಮಪದವನ್ನು ಹಿಡಿದುಕೊಳ್ಳುವುದು ಸಹಜ. ಎರಡು ಪುಲ್ಲಿಂಗ ನಾಮಗಳು ಎದುರಾದಾಗ ಸರ್ವನಾಮವನ್ನು ಬಿಟ್ಟು ಹೆಸರನ್ನೇ ಮತ್ತೊಮ್ಮೆ ಹೇಳುವುದು ಮೇಲು. ಹೆಸರು ಮರುಕಳಿಸಿದರೆ ಸೊಗಸು ಕೆಟ್ಟೀತೆಂಬ ಭಯದಿಂದ ಅರ್ಥವನ್ನು ಕೆಡಿಸಬಾರದು.

ಅದೇ ಹುಡುಗನು ಮುಂದೆ ಗರ್ಭಗುಡಿಯ ಲಿಂಗವನ್ನು ಕುರಿತು ಬರೆಯುತ್ತಾನೆ. ಅದಕ್ಕೆ ‘ಹೀ’ ಸಲ್ಲುವುದೋ ‘ಇಟ್’ ಸಲ್ಲುವುದೋ? ಕನ್ನಡದಲ್ಲಿ ‘ಲಿಂಗವು’ ಎಂದರೆ ನಪುಂಸಕ, ‘ಮಲ್ಲಿಕಾರ್ಜುನನು’ ಎಂದರೆ ಪುಲ್ಲಿಂಗ. ವ್ಯಾಕರಣದಲ್ಲಿ ಗಂಡು ಹೆಣ್ಣೆಂಬ ಭೇದಕ್ಕೆ ‘ಲಿಂಗ’ವೆಂದೇ ಹೆಸರು, ಆ ಭೇದವನ್ನು ಮೀರಿದ ಪರವಸ್ತುವಿಗೂ ನಮ್ಮಲ್ಲಿ ಅದೇ ಹೆಸರು. ಬಸರಾಳಿನ ಗುಡಿಗೆ ಒಂದು ಶತಮಾನದಷ್ಟು ಹಿಂದೆಯೇ ಅಕ್ಕಮಹಾದೇವಿಯವರು ಚೆನ್ನಮಲ್ಲಿಕಾರ್ಜುನನನ್ನು ಪತಿಯೆಂದು ಕರೆದು ಹಾಡಿದ್ದರು. ಅಲ್ಲಿ ‘ಹೀ’ ಅಲ್ಲದೆ ಬೇರೆ ಸರ್ವನಾಮ ಸಲ್ಲದು. ವಿರಹಕ್ಕೆ ‘ಇಟ್’ ಒಗ್ಗುವುದಿಲ್ಲ. ಅಲ್ಲಮಪ್ರಭುಗಳು ಬಯಲು, ನಿರಾಳ, ಶೂನ್ಯವೆಂದು ನುಡಿಯುವಾಗ ‘ಹೀ’ ಎಂದರೆ ಬಯಲಿಗೆ ಮೀಸೆ ಬರೆದಂತೆ. ಒಂದೇ ಪರಶಿವತತ್ತ್ವಕ್ಕೆ ಒಂದೆಡೆ ‘ಹೀ’ ಎಂದೂ ಇನ್ನೊಂದೆಡೆ ‘ಇಟ್’ ಎಂದೂ ಬರೆಯುವುದು ಅಸಂಬದ್ಧತೆಯಲ್ಲ, ಸ್ಥಲಭೇದವನ್ನರಿತ ವಿವೇಕ. ಆದರೆ ಒಂದೇ ವಚನದೊಳಗೆ ಕಾರಣವಿಲ್ಲದೆ ಒಂದರಿಂದ ಇನ್ನೊಂದಕ್ಕೆ ಹಾರುವುದು ಅವಿವೇಕ.

ಜಂಗಮದ ವಿಷಯವೂ ಹೀಗೆಯೇ. ಕನ್ನಡದಲ್ಲಿ ‘ಜಂಗಮಕ್ಕೆ ದಾಸೋಹ’ ಎನ್ನುತ್ತೇವೆ, ವಿಭಕ್ತಿಯು ನಪುಂಸಕದ್ದು. ವ್ಯಕ್ತಿಯನ್ನು ಮೀರಿದ ತತ್ತ್ವವೊಂದು ಆ ಚತುರ್ಥಿಯಲ್ಲಿದೆ. ಇಂಗ್ಲಿಷಿನಲ್ಲಿ ‘ಹಿಮ್’ ಎಂದೊಡನೆ ಅದು ಮನೆ ಬಾಗಿಲಿಗೆ ಬಂದ ಒಬ್ಬ ಗಂಡಸಾಗಿಬಿಡುತ್ತದೆ. ದೇಹವನ್ನೇ ದೇಗುಲವಾಗಿಸುವ ಬಸವಣ್ಣನವರ ಪ್ರಸಿದ್ಧ ವಚನದ ಕೊನೆಯಲ್ಲಿ ಸ್ಥಾವರ ಜಂಗಮಗಳ ಮಾತು ಬರುವಾಗ ರಾಮಾನುಜನ್ ಅವರು ‘ಹೀ’ಯನ್ನೂ ‘ಇಟ್’ ಅನ್ನೂ ಬಳಸದೆ, ನಿಂತದ್ದು ಚಲಿಸುವುದು ಎಂಬ ಅರ್ಥದ ಪದಗಳನ್ನೇ ಇಟ್ಟಿದ್ದಾರೆ. ಸರ್ವನಾಮವನ್ನು ಎಲ್ಲಿ ಬಿಡಬೇಕೆಂಬುದನ್ನು ಬಲ್ಲವರ ಕೆಲಸವದು.

ಅವರ ಇನ್ನೊಂದು ಅನುವಾದವೂ ಇಲ್ಲಿ ಗಮನಾರ್ಹ. ಹೆಣ್ಣೆಂದೂ ಗಂಡೆಂದೂ ಜನರು ಕರೆಯುವುದು ಮೈಯ ಗುರುತುಗಳನ್ನು ನೋಡಿ, ಒಳಗಿರುವ ಆತ್ಮಕ್ಕೆ ಆ ಭೇದವಿಲ್ಲವೆಂದು ಸಾರುವ ದಾಸಿಮಯ್ಯನವರ ವಚನವನ್ನು ವಾಚಕರು ಬಲ್ಲರು. ನಮ್ಮ ಭಾಷೆಯಲ್ಲಿ ‘ಆತ್ಮನು’ ಎಂಬ ರೂಪವೇ ಪುಲ್ಲಿಂಗದ್ದೆಂಬುದೊಂದು ಸೋಜಿಗ. ರಾಮಾನುಜನ್ ಅವರು ಆತ್ಮಕ್ಕೆ ಲಿಂಗವಿಲ್ಲದ ಇಂಗ್ಲಿಷ್ ನಾಮಪದವನ್ನು ಆರಿಸಿದರು. ಜನರು ಹೆಣ್ಣೆನ್ನುವುದನ್ನೂ ಗಂಡೆನ್ನುವುದನ್ನೂ ‘ಇಟ್’ ಎಂಬ ಒಂದೇ ಪದದಿಂದ ಸೂಚಿಸಿದರು. ಹೆಸರಿಡುವುದಕ್ಕೆ ಮುಂಚೆ ಅದು ಹೆಣ್ಣೂ ಅಲ್ಲ, ಗಂಡೂ ಅಲ್ಲವೆಂಬ ವಚನದ ತಿರುಳು ಆ ಪುಟ್ಟ ಸರ್ವನಾಮದಲ್ಲಿಯೇ ಬಂದುಬಿಟ್ಟಿದೆ. ಈ ಒಂದೆಡೆಯಲ್ಲಿ ಇಂಗ್ಲಿಷು ಕನ್ನಡಕ್ಕಿಂತ ವಚನಕ್ಕೆ ಹತ್ತಿರವಾಗಿದೆಯೆಂದರೆ ತಪ್ಪಾಗಲಾರದು.

ಇಂಥ ಎಚ್ಚರವು ನಮ್ಮ ಲೇಖನಗಳಲ್ಲಿ ಹೆಚ್ಚಾಗಿ ಕಾಣುವುದಿಲ್ಲ. ‘ತನ್ನ ತಾನರಿಯುವುದು’ ಶರಣಸಾಧನೆಯ ತಿರುಳು. ಕನ್ನಡದ ‘ತಾನು’ ಎಂಬುದಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲ. ಇಂಗ್ಲಿಷಿಗೆ ಹೋದೊಡನೆ ಅದು ‘ಹಿಮ್‌ಸೆಲ್ಫ್’ ಆಗುತ್ತದೆ. ‘ತನ್ನ ತಾನರಿತವನು’ ಎಂದು ಪುರುಷನೊಬ್ಬನೇ ಉಳಿಯುತ್ತಾನೆ. ಪುಟಗಟ್ಟಲೆ ‘ದಿ ಶರಣ... ಹೀ... ಹಿಸ್’ ಎಂದು ಸಾಗುವ ಲೇಖನವನ್ನೋದಿದ ಹೊರನಾಡಿನ ಹೆಣ್ಣುಮಗುವಿಗೆ, ಮೂವತ್ತಕ್ಕೂ ಹೆಚ್ಚು ಶರಣೆಯರು ವಚನಗಳನ್ನು ರಚಿಸಿದ್ದಾರೆಂಬುದು ಹೊಳೆಯುವುದಾದರೂ ಹೇಗೆ? ‘ಹೀ’ ಎಂಬುದರಲ್ಲಿ ‘ಷೀ’ಯೂ ಅಡಗಿದೆಯೆಂದು ಸಮಾಧಾನ ಹೇಳುವವರುಂಟು. 1897ರ ಸಾಮಾನ್ಯ ಖಂಡಗಳ ಅಧಿನಿಯಮವು ಪುಲ್ಲಿಂಗವಾಚಕ ಪದಗಳು ಸ್ತ್ರೀಯರನ್ನೂ ಒಳಗೊಳ್ಳುತ್ತವೆಂದು ವಿಧಿಸಿರುವುದು ನಿಜ. ಅದು ಕಾನೂನಿನ ಅನುಕೂಲ, ಅನುಭವಮಂಟಪದ ನ್ಯಾಯವಲ್ಲ. ಅಲ್ಲಿ ಅಕ್ಕನು ಯಾರ ಸರ್ವನಾಮದೊಳಗೂ ಅಡಗಿ ಕುಳಿತಿರಲಿಲ್ಲ.

ಇದಕ್ಕೆ ಪರಿಹಾರವುಂಟು. ‘ಶರಣರು’ ಎಂದು ಬಹುವಚನದಲ್ಲಿ ಬರೆದರೆ ‘ದೇ’, ‘ದೆಮ್‌ಸೆಲ್ವ್ಸ್’ ಎಂದು ಸಹಜವಾಗಿಯೇ ಸಾಗುತ್ತದೆ. ‘ಒನ್’, ‘ಒನ್‌ಸೆಲ್ಫ್’ ಎಂಬ ಪದಗಳೂ ಇವೆ. ಲಿಂಗ ತಿಳಿಯದ ಒಬ್ಬ ವ್ಯಕ್ತಿಗೆ ‘ದೇ’ ಎನ್ನುವುದು ಹದಿನಾಲ್ಕನೆಯ ಶತಮಾನದಿಂದಲೂ ಇಂಗ್ಲಿಷಿನಲ್ಲಿರುವ ರೂಢಿ. ನಡುವೆ ವ್ಯಾಕರಣಕಾರರು ಅದನ್ನು ತಪ್ಪೆಂದರೂ ಇಂದು ಪ್ರಮಾಣಗ್ರಂಥಗಳೇ ಒಪ್ಪಿಕೊಂಡಿವೆ. 2019ರಲ್ಲಿ ಅಮೆರಿಕದ ಮೆರಿಯಮ್ ವೆಬ್‌ಸ್ಟರ್ ನಿಘಂಟಿನವರು ಆ ಪದವನ್ನೇ ವರ್ಷದ ಪದವೆಂದು ಆರಿಸಿದರು. ನಮಗೆ ಇದು ಹೊಸದೇನಲ್ಲ. ಕನ್ನಡದ ‘ಅವರು’ ಒಬ್ಬರಿಗೂ ಸಲ್ಲುತ್ತದೆ, ಹೆಣ್ಣಿಗೂ ಗಂಡಿಗೂ ಸಲ್ಲುತ್ತದೆ.

ಆದರೆ ಇಲ್ಲೊಂದು ಭೇದವನ್ನು ಮರೆಯಬಾರದು. ಕನ್ನಡದ ‘ಅವರು’ ಗೌರವಸೂಚಕ, ಇಂಗ್ಲಿಷಿನ ‘ದೇ’ ಗೌರವಸೂಚಕವಲ್ಲ. ‘ಪೂಜ್ಯರು ಬಂದರು, ಅವರು ಆಶೀರ್ವದಿಸಿದರು’ ಎಂಬುದನ್ನು ‘ದೇ’ ಎಂದು ಬರೆದರೆ ಓದುಗನು ಹಲವರು ಸ್ವಾಮಿಗಳು ಬಂದರೆಂದು ತಿಳಿಯುತ್ತಾನೆ. ‘ಹೀ’ ಎಂದು ಬರೆಯಲು ಭಕ್ತರ ಕೈ ನಡುಗುವುದು ಸಹಜ. ಅದು ನಮ್ಮ ‘ಅವನು’ ಅಲ್ಲ. ‘ಅವನು, ಆತ, ಅವರು’ ಈ ಮೂರಕ್ಕೂ ಆ ಭಾಷೆಯಲ್ಲಿರುವ ಒಂದೇ ಪದ. ಗೌರವವನ್ನು ಮೊದಲು ಬಳಸುವ ಬಿರುದಿನಲ್ಲಿ ತೋರಿಸಿ, ಮುಂದೆ ಧೈರ್ಯವಾಗಿ ‘ಹೀ’ ಎಂದು ಬರೆಯಬಹುದು. ‘ಹಿಸ್ ಹೋಲಿನೆಸ್’ ಎಂಬ ಬಿರುದು ಪೂಜ್ಯರನ್ನು ಕುರಿತು ಬರೆಯುವಾಗ ಸಲ್ಲುತ್ತದೆ. ಅವರಿಗೇ ಪತ್ರ ಬರೆಯುವಾಗ ‘ಯುವರ್ ಹೋಲಿನೆಸ್’ ಆಗಬೇಕು. ಬಿನ್ನವತ್ತಳೆಗಳಲ್ಲಿ ಇವೆರಡೂ ಬೆರೆತುಹೋಗುವುದುಂಟು. ‘ಇಟ್ಸ್’ ಎಂಬ ಷಷ್ಠಿಗೆ ಮೇಲೊಂದು ಕೊಂಬು ಹಾಕುವುದು, ‘ಬಸವಣ್ಣ ಹೀ ಸೆಡ್’ ಎಂದು ಕರ್ತೃವನ್ನು ಎರಡು ಸಲ ಇಡುವುದು, ತನ್ನ ಪರಿಚಯ ಹೇಳುವಾಗ ‘ಐ’ ಇರಬೇಕಾದ ಕಡೆ ‘ಮೈಸೆಲ್ಫ್’ ಎನ್ನುವುದು, ಇವನ್ನೂ ಬಿಡಬೇಕು.

ಆಶೀರ್ವಚನಗಳ ಅನುವಾದದಲ್ಲಿಯೂ ಒಂದು ಸೂಕ್ಷ್ಮವಿದೆ. ಪೀಠದಲ್ಲಿರುವವರು ಕನ್ನಡದಲ್ಲಿ ‘ನಾವು’ ಎನ್ನುವುದು ತಮ್ಮ ಹಿರಿಮೆಗಲ್ಲ; ಗುರುಪರಂಪರೆಯ ಪರವಾಗಿ ನುಡಿಯುವ ವಿನಯವದು. ಇಂಗ್ಲಿಷಿನಲ್ಲಿ ಒಬ್ಬರೇ ‘ವೀ’ ಎಂದರೆ ಅರಸರ ಆಜ್ಞಾಪತ್ರದ ಠೀವಿ ಬರುತ್ತದೆ. ಆದುದರಿಂದ ಅನುವಾದಕರು ಅಲ್ಲಿ ‘ಐ’ ಎಂದು ಬರೆಯುವುದೇ ಮೂಲದ ವಿನಯಕ್ಕೆ ಹೆಚ್ಚು ನಿಷ್ಠವೆಂದು ನಮ್ಮ ನಮ್ರ ಅಭಿಪ್ರಾಯ.

ಕೊನೆಯದಾಗಿ, ಸರ್ವನಾಮಗಳಿಂದಲೇ ಕಟ್ಟಿದಂತಿರುವ ಬಸವಣ್ಣನವರ ‘ಇವನಾರವ’ ವಚನ. ಅದನ್ನು ಇಂಗ್ಲಿಷಿಗೆ ತರುವವರು ‘ಇವ’ ಎಂಬುದಕ್ಕೆ ‘ಹೀ’ ಎಂದು ಬರೆದು ಮುಗಿಸುತ್ತಾರೆ. ಆದರೆ ‘ಇವ’ ಹತ್ತಿರದವನು, ಎದುರಿಗೆ ನಿಂತವನು, ‘ಅವ’ ದೂರದವನು. ಇಂಗ್ಲಿಷಿನ ‘ಹೀ’ಯಲ್ಲಿ ಹತ್ತಿರ ದೂರಗಳ ಭೇದವಿಲ್ಲ. ಬಾಗಿಲಲ್ಲಿ ನಿಂತವನನ್ನು ಕಂಡು ಕುಲವನ್ನು ಕೇಳುವ ಮನಸ್ಸಿಗೆ ಆ ವಚನವು ಉತ್ತರವಾದುದರಿಂದ, ‘ದಿಸ್ ಮ್ಯಾನ್’ ಎಂದು ಆತನನ್ನು ಕಣ್ಣೆದುರಿಗೆ ನಿಲ್ಲಿಸಬೇಕು. ಅಂತೆಯೇ ‘ನಮ್ಮವ’ ಎಂಬುದಕ್ಕೆ ‘ಅವರ್ಸ್’ ಎಂದರೆ ಹೊಲ, ಮನೆ, ದನಗಳಿಗೆ ಹೇಳುವ ಸ್ವಾಮ್ಯದ ಮಾತೂ ಆಗುತ್ತದೆ. ‘ಒನ್ ಆಫ್ ಅಸ್’ ಎಂದರೆ ಆತನು ನಮ್ಮ ಸ್ವತ್ತಲ್ಲ, ನಮ್ಮೊಳಗೊಬ್ಬನು. ಇವೆರಡರಲ್ಲಿ ಬಸವಣ್ಣನವರ ಆಶಯ ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇಂಗ್ಲಿಷಿನಲ್ಲಿ ಬರೆಯುವ ನಮ್ಮ ತರುಣರಲ್ಲಿ ಬಿನ್ನಹವಿಷ್ಟೆ. ಬರೆದು ಮುಗಿಸಿದ ಮೇಲೆ ಒಂದು ಸಲ ಸರ್ವನಾಮಗಳನ್ನು ಮಾತ್ರ ನೋಡಿಕೊಂಡು ಹೋಗಿರಿ. ಈ ‘ಹೀ’ ಯಾರು? ಈ ‘ಇಟ್’ ಯಾವುದು? ಈ ‘ವೀ’ ಎಂಬುದರಲ್ಲಿ ಯಾರು ಸೇರಿದ್ದಾರೆ, ಯಾರು ಹೊರಗುಳಿದಿದ್ದಾರೆ? ಮೊದಲೆರಡು ಪ್ರಶ್ನೆಗಳಿಗೆ ವ್ಯಾಕರಣದ ಪುಸ್ತಕವು ಉತ್ತರ ಹೇಳೀತು. ಮೂರನೆಯದಕ್ಕೆ ಶರಣರನ್ನೇ ಕೇಳಬೇಕು.